ಬಡಮಕ್ಕಳ ಗುರು ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಪುಣ್ಯಕಾಲದಲ್ಲಿ, ಸರ್ವೇಶ್ವರನು ನಮ್ಮ ಧರ್ಮಕೇಂದ್ರದ ಮೇಲೆ ಸುರಿಸಿದ ಕೃಪಾವರಗಳನ್ನು ನೆನೆದು ಸ್ತುತಿ ಸಲ್ಲಿಸುವುದು ಯುಕ್ತವೇ ಸರಿ. ಉತ್ಸವದ ಸಡಗರದ ನಡುವೆ, ಬಡಮಕ್ಕಳ ವಿದ್ಯೆಗಾಗಿ ತಮ್ಮ ಸಿರಿಸಂಪದವನ್ನೆಲ್ಲ ತೊರೆದ ಒಬ್ಬ ಸಂತರ ಬಾಳನ್ನು ನಮ್ಮ ವಿಶ್ವಾಸಿಗಳ ಮುಂದಿಡಲು ನಾವು ಬಯಸುತ್ತೇವೆ. ಅವರೇ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್.

ಫ್ರಾನ್ಸ್ ದೇಶದ ರೀಮ್ಸ್ ನಗರದಲ್ಲಿ 1651ರ ಏಪ್ರಿಲ್ 30ರಂದು ಅವರ ಜನನವಾಯಿತು. ತಂದೆ ನ್ಯಾಯಾಧಿಕಾರಿ, ತಾಯಿಯೂ ಉತ್ತಮ ಮನೆತನದವರು. ಹನ್ನೊಂದು ಮಕ್ಕಳಲ್ಲಿ ಇವರೇ ಹಿರಿಯರು. 1667ರಲ್ಲಿ, ಹದಿನಾರು ತುಂಬುವ ಮೊದಲೇ, ರೀಮ್ಸ್ ಪ್ರಧಾನಾಲಯದ ಕ್ಯಾನನ್ ಪದವಿ ಇವರಿಗೆ ದೊರೆಯಿತು. ಅದು ಗೌರವವನ್ನೂ ಜೀವನಪೂರ್ತಿ ವರಮಾನವನ್ನೂ ತರುವ ಸ್ಥಾನ. 1670ರಲ್ಲಿ ಪ್ಯಾರಿಸಿನ ಸೇಂಟ್ ಸುಲ್ಪೀಸ್ ಗುರುಮಠವನ್ನು ಸೇರಿದರು. ಮರುವರ್ಷ ತಾಯಿ, ಅದರ ಮರುವರ್ಷ ತಂದೆ ದೈವಾಧೀನರಾದರು. ಇಪ್ಪತ್ತೊಂದು ಇನ್ನೂ ತುಂಬದ ಆ ತರುಣರು ಗುರುಮಠವನ್ನು ಬಿಟ್ಟು ಊರಿಗೆ ಮರಳಿ, ತಮ್ಮ ತಂಗಿಯರ ಹೊಣೆಯನ್ನು ಹೊತ್ತರು. ಮನೆಯ ಭಾರದ ನಡುವೆಯೂ ವ್ಯಾಸಂಗವನ್ನು ಕೈಬಿಡದೆ 1678ರ ಏಪ್ರಿಲ್ 9ರಂದು ಗುರುದೀಕ್ಷೆಯನ್ನು ಪಡೆದರು. ಎರಡು ವರ್ಷಗಳ ನಂತರ ದೈವಶಾಸ್ತ್ರದ ಡಾಕ್ಟರ್ ಪದವಿಯೂ ಲಭಿಸಿತು.

ಇಂಥವರ ಮುಂದೆ ಧರ್ಮಾಧ್ಯಕ್ಷ ಪದವಿಯ ಹಾದಿ ತೆರೆದಿತ್ತೆಂದು ಬಂಧುಗಳು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ದೇವರು ಅವರನ್ನು ಬೇರೊಂದು ದಾರಿಯಲ್ಲಿ, ಅವರಿಗೇ ಅರಿವಾಗದಂತೆ, ಹೆಜ್ಜೆ ಹೆಜ್ಜೆಯಾಗಿ ನಡೆಸಿದನು. 1679ರಲ್ಲಿ ಆದ್ರಿಯನ್ ನಿಯೆಲ್ ಎಂಬ ಗೃಹಸ್ಥ ಉಪಾಧ್ಯಾಯರು ಬಡ ಬಾಲಕರಿಗೆ ಧರ್ಮಾರ್ಥ ಶಾಲೆಯನ್ನು ತೆರೆಯಲೆಂದು ರೂವಾನ್ ನಗರದಿಂದ ರೀಮ್ಸ್‌ಗೆ ಬಂದರು. ಅವರಿಗೆ ನಾಲ್ಕು ದಿನದ ಆಸರೆ, ಒಂದಿಷ್ಟು ಸಲಹೆ. ಇಷ್ಟನ್ನೇ ನೀಡುವುದು ಲಾ ಸಾಲರ ಉದ್ದೇಶವಾಗಿತ್ತು. ಸೇಂಟ್ ಮೊರಿಸ್ ಧರ್ಮಕೇಂದ್ರದಲ್ಲಿ ಮೊದಲ ಶಾಲೆ ಆರಂಭವಾಯಿತು. ಬೇಗನೆ ಮತ್ತಷ್ಟು ಶಾಲೆಗಳೂ ತೆರೆದವು. ಆದರೆ ಪಾಠ ಹೇಳಲು ಬಂದವರು ಶಿಕ್ಷಣವಾಗಲಿ ಶಿಸ್ತಾಗಲಿ ಸಾಲದ ಬಡ ತರುಣರು. ಶಾಲೆಗಳು ಉಳಿಯಬೇಕಾದರೆ ಮೊದಲು ಉಪಾಧ್ಯಾಯರು ರೂಪುಗೊಳ್ಳಬೇಕೆಂಬುದು ಲಾ ಸಾಲರಿಗೆ ಮನದಟ್ಟಾಯಿತು. ಮೊದಲು ಅವರನ್ನು ತಮ್ಮ ಊಟದ ಪಂಕ್ತಿಗೆ ಕರೆದರು. 1681ರ ಜೂನ್ 24ರಂದು ತಮ್ಮ ಮನೆಯಲ್ಲೇ ಇರಿಸಿಕೊಂಡರು.

ಕುಲೀನರ ಮನೆಯೊಳಗೆ ಕೂಲಿ ಉಪಾಧ್ಯಾಯರು ಕಾಲಿಟ್ಟದ್ದು ಬಂಧುವರ್ಗಕ್ಕೆ ಸಹಿಸದಾಯಿತು. ಮನೆಯಲ್ಲಿದ್ದ ಕಿರಿಯ ತಮ್ಮಂದಿರನ್ನು ಬೇರೆಡೆಗೆ ಕಳುಹಿಸುವಂತಾಯಿತು. ಸ್ವತಃ ಲಾ ಸಾಲರಿಗೂ ಆ ಒಡನಾಟ ಆರಂಭದಲ್ಲಿ ಕಹಿಯಾಗಿಯೇ ಇತ್ತು. ತಮ್ಮ ಮನೆಯ ಸೇವಕನಿಗಿಂತಲೂ ಆ ಉಪಾಧ್ಯಾಯರನ್ನು ಕೀಳಾಗಿ ಎಣಿಸಿದ್ದುಂಟೆಂದು ಅವರೇ ಮುಂದೆ ಬರೆದಿಟ್ಟಿದ್ದಾರೆ. ಸಂತರೂ ಹುಟ್ಟಿನಿಂದಲೇ ಸಂತರಲ್ಲ. ತಮ್ಮ ಅಭಿಮಾನವನ್ನು ದಿನದಿನವೂ ಗೆದ್ದು ಸಂತರಾಗುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

ಆ ಬಳಿಕ ನಿಜವಾದ ಪರೀಕ್ಷೆ ಎದುರಾಯಿತು. ದೇವರ ಪರಿಪಾಲನೆಯಲ್ಲಿ ಭರವಸೆಯಿಡಿರೆಂದು ಅವರು ಉಪಾಧ್ಯಾಯರಿಗೆ ಬೋಧಿಸಿದಾಗ, ಆ ಬಡವರು ನೇರವಾದ ಉತ್ತರವನ್ನೇ ಕೊಟ್ಟರು. ಆಸ್ತಿಯೂ ಪದವಿಯೂ ಇರುವವರಿಗೆ ಭರವಸೆಯ ಮಾತು ಸುಲಭ. ಶಾಲೆಗಳು ಮುಚ್ಚಿದರೆ ಬೀದಿಗೆ ಬೀಳುವವರು ತಾವು ಎಂಬುದು ಅವರ ಮಾತಿನ ಸಾರ. ಲಾ ಸಾಲರು ಆ ಮಾತಿನಿಂದ ಕೋಪಗೊಳ್ಳದೆ, ಅದರಲ್ಲಿ ದೇವರ ದನಿಯನ್ನು ಕೇಳಿದರು. 1683ರಲ್ಲಿ ಕ್ಯಾನನ್ ಪದವಿಯನ್ನು ತ್ಯಜಿಸಿದರು. ಅದನ್ನು ಸ್ವಂತ ತಮ್ಮನಿಗೆ ಬಿಟ್ಟುಕೊಡದೆ ಒಬ್ಬ ಬಡ ಗುರುವಿಗೆ ಒಪ್ಪಿಸಿದರು. ಮುಂದಿನ ಚಳಿಗಾಲದಲ್ಲಿ ಕ್ಷಾಮ ತಲೆದೋರಿದಾಗ ತಮ್ಮ ಪಾಲಿನ ಆಸ್ತಿಯನ್ನೆಲ್ಲ ರೊಟ್ಟಿಯಾಗಿಸಿ ಹಸಿದವರಿಗೆ ಹಂಚಿದರು. ಆ ಹಣವನ್ನು ಶಾಲೆಗಳ ನಿಧಿಯಾಗಿ ಇಡಬಹುದಿತ್ತು, ಇಡಲಿಲ್ಲ. ತಮ್ಮ ಉಪಾಧ್ಯಾಯರಂತೆಯೇ ತಾವೂ ಬಡವರಾದ ಮೇಲೆಯೇ ಅವರ ಬೋಧನೆಗೆ ಬಲ ಬಂದಿತು. ಹೀಗೆ ಹುಟ್ಟಿತು ಕ್ರೈಸ್ತ ಶಾಲೆಗಳ ಸಹೋದರರ ಸಭೆ.

1688ರಲ್ಲಿ ಅವರು ಪ್ಯಾರಿಸಿಗೆ ತೆರಳಿ ಅಲ್ಲಿ ಶಾಲೆಗಳನ್ನು ನಡೆಸಿದರು. ಅವರ ಶಾಲಾಕ್ರಮವು ಆ ಕಾಲಕ್ಕೆ ಹೊಸದಾಗಿತ್ತು. ಒಬ್ಬೊಬ್ಬ ಬಾಲಕನನ್ನೇ ಹತ್ತಿರ ಕರೆದು, ಮಿಕ್ಕವರನ್ನು ಸುಮ್ಮನೆ ಕೂರಿಸುವ ಪದ್ಧತಿಯ ಬದಲು, ಮಕ್ಕಳನ್ನು ಪಾಠಕ್ಕೆ ತಕ್ಕಂತೆ ವಿಂಗಡಿಸಿ ಒಟ್ಟಾಗಿ ಕಲಿಸಿದರು. ಮೊದಲು ಲತೀನ್ ಓದಿಸುವ ರೂಢಿಯನ್ನು ಬಿಟ್ಟು ಫ್ರೆಂಚ್ ಓದನ್ನೇ ಮುಂದಿಟ್ಟರು. ಕಾರಣ ಸರಳ: ಬಡವನ ಮಗ ಶಾಲೆಯಲ್ಲಿರುವುದು ಕೆಲವೇ ವರ್ಷ, ಅಷ್ಟರಲ್ಲಿ ಮನೆಯ ನುಡಿಯಲ್ಲಿ ಓದಲು ಬಾರದಿದ್ದರೆ ಅವನಿಗೆ ಶಾಲೆಯಿಂದ ಬಂದ ಪ್ರಯೋಜನವಾದರೂ ಏನು? ಮಗು ಶಾಲೆ ತಪ್ಪಿಸಿದರೆ ಅದಕ್ಕೆ ಕಾರಣವನ್ನು ವಿಚಾರಿಸಬೇಕು, ತಂದೆತಾಯಿಗಳಿಗೆ ತಿಳಿಹೇಳಬೇಕು ಎಂಬ ನಿಯಮವನ್ನು ಅವರ ಶಾಲಾ ಕೈಪಿಡಿಯಲ್ಲಿ ಕಾಣುತ್ತೇವೆ. ಮಕ್ಕಳು ತಂದ ಬುತ್ತಿಯಲ್ಲಿ ಮಿಕ್ಕ ರೊಟ್ಟಿಯನ್ನು ಒಂದು ಬುಟ್ಟಿಯಲ್ಲಿ ಕೂಡಿಸಿ, ಬುತ್ತಿಯಿಲ್ಲದ ಮಕ್ಕಳಿಗೆ ಹಂಚುವ ಏರ್ಪಾಡೂ ಅಲ್ಲಿತ್ತು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ಅವರ ಕಾರ್ಯಗಳಲ್ಲಿ ಒಂದನ್ನು ನಾವು ವಿಶೇಷವಾಗಿ ಸ್ಮರಿಸಬೇಕು. 1688ರ ಕ್ರಾಂತಿಯಲ್ಲಿ ಇಂಗ್ಲೆಂಡಿನ ಕಥೋಲಿಕ ಅರಸ ಎರಡನೆಯ ಜೇಮ್ಸ್ ಸಿಂಹಾಸನವನ್ನು ಕಳೆದುಕೊಂಡು ಫ್ರಾನ್ಸ್‌ನಲ್ಲಿ ಆಶ್ರಯ ಪಡೆದನು. ಅವನ ಪಕ್ಷ ವಹಿಸಿದ್ದ ಸಹಸ್ರಾರು ಐರಿಷ್ ಕಥೋಲಿಕರೂ ನೆಲೆ ತಪ್ಪಿ ಅಲ್ಲಿಗೆ ಬಂದರು. 1698ರಲ್ಲಿ ಅಂಥ ಕುಟುಂಬಗಳ ಸುಮಾರು ಐವತ್ತು ಬಾಲಕರ ಶಿಕ್ಷಣದ ಹೊಣೆಯನ್ನು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಲಾ ಸಾಲರಿಗೆ ವಹಿಸಿದರು. ನೆಲವೂ ನುಡಿಯೂ ಬೇರೆಯಾದ ಆ ಮಕ್ಕಳನ್ನು ಅವರು ತಮ್ಮ ಸಹೋದರರ ಮನೆಯಲ್ಲೇ ಇರಿಸಿಕೊಂಡು, ಬೀದಿಶಾಲೆಯ ಪಾಠವನ್ನೇ ಅವರ ಮೇಲೆ ಹೇರದೆ, ಅವರ ಮುಂದಿನ ಬಾಳಿಗೆ ಒದಗುವ ಶಿಕ್ಷಣವನ್ನು ಕೊಡಿಸಿದರು. ಅರಸನೇ ಬಂದು ಆ ಮಕ್ಕಳನ್ನು ಕಂಡು ಸಂತೋಷಪಟ್ಟನು. ಮಗು ಯಾರದು, ಎಲ್ಲಿಯದು ಎಂದು ಅಳೆಯುವ ಮೊದಲು, ಅದಕ್ಕೆ ಏನು ಬೇಕೆಂದು ನೋಡುವುದೇ ಲಾ ಸಾಲರ ರೀತಿ.

ಇಂಥ ಸೇವೆಗೆ ಅವರಿಗೆ ಸಂದದ್ದು ಹೂಮಾಲೆಯಲ್ಲ. ಶುಲ್ಕ ಪಡೆದು ಬರಹ ಕಲಿಸುತ್ತಿದ್ದ ಪ್ಯಾರಿಸಿನ ಉಪಾಧ್ಯಾಯರು, ಹಣವುಳ್ಳವರ ಮಕ್ಕಳಿಗೂ ಉಚಿತವಾಗಿ ಕಲಿಸಿ ತಮ್ಮ ಅನ್ನವನ್ನು ಕಸಿಯುತ್ತಿದ್ದಾರೆಂದು ನ್ಯಾಯಾಲಯದ ಮೆಟ್ಟಿಲೇರಿದರು. 1704ರಲ್ಲಿ ಲಾ ಸಾಲರಿಗೆ ದಂಡ ಬಿದ್ದಿತು. 1706ರಲ್ಲಿ ಸೇಂಟ್ ಸುಲ್ಪೀಸಿನ ಶಾಲೆಗಳು ಕೆಲಕಾಲ ಮುಚ್ಚಿದವು. ಬಡವರಿಗೊಂದು, ಉಳ್ಳವರಿಗೊಂದು ಎಂದು ಬಾಗಿಲನ್ನು ಬೇರ್ಪಡಿಸಿದ್ದರೆ ಈ ಕಷ್ಟ ತಪ್ಪುತ್ತಿತ್ತು. ಆದರೆ ಬಡಮಗುವಿನ ಹಣೆಗೆ ಬಡತನದ ಮುದ್ರೆ ಒತ್ತಲು ಅವರು ಒಪ್ಪಲಿಲ್ಲ. 1712ರಲ್ಲಿ ಮತ್ತೊಂದು ವ್ಯಾಜ್ಯದಲ್ಲಿ ಅವರ ಹೆಸರಿಗೇ ಕಳಂಕ ಬಂದಿತು. ಮನನೊಂದು ಫ್ರಾನ್ಸಿನ ದಕ್ಷಿಣ ಭಾಗದಲ್ಲಿದ್ದ ಅವರು, ತಾವೇ ಈ ಕಾರ್ಯಕ್ಕೆ ಅಡ್ಡಿಯಾಗಿರಬಹುದೇ ಎಂದು ತೊಳಲಾಡಿದರು. 1714ರಲ್ಲಿ ಪ್ಯಾರಿಸಿನ ಸಹೋದರರು, ಅವರು ತಮಗೆ ಕೊಟ್ಟ ವಿಧೇಯತೆಯ ವ್ರತವನ್ನೇ ನೆನಪಿಸಿ, ಮರಳಿ ಬರುವಂತೆ ಪತ್ರದ ಮೂಲಕ ಆಜ್ಞಾಪಿಸಿದರು. ಸ್ಥಾಪಕರೇ ಶಿಷ್ಯರ ಆಜ್ಞೆಗೆ ತಲೆಬಾಗಿ ಹಿಂದಿರುಗಿದರು.

1717ರಲ್ಲಿ ಹಿರಿತನವನ್ನು ಸಹೋದರ ಬಾರ್ತೆಲೆಮಿಯವರಿಗೆ ಒಪ್ಪಿಸಿ, ರೂವಾನಿನ ಸೇಂಟ್ ಯೋನ್ ಮನೆಯಲ್ಲಿ ಸಾಮಾನ್ಯರಂತೆ ಬಾಳಿದರು. ಮರಣಕ್ಕೆ ಕೆಲವೇ ದಿನಗಳ ಮುನ್ನ, ಒಂದು ವಿವಾದದ ನೆಪದಲ್ಲಿ, ಅವರ ಗುರುತ್ವದ ಅಧಿಕಾರಗಳನ್ನೂ ಹಿಂದೆಗೆದುಕೊಳ್ಳಲಾಯಿತು. 1719ರ ಏಪ್ರಿಲ್ 7, ಶುಭ ಶುಕ್ರವಾರದಂದು, ಶಿಲುಬೆಯ ಮೇಲೆ ಎಲ್ಲವನ್ನೂ ಕಳೆದುಕೊಂಡ ಪ್ರಭುವನ್ನು ಹಿಂಬಾಲಿಸಿ ಅವರು ಕಣ್ಮುಚ್ಚಿದರು. ಆಗ ಅವರ ಸಹೋದರರ ಸಂಖ್ಯೆ ಸುಮಾರು ನೂರು. ಇಂದು ಅವರ ಶಾಲೆಗಳು ಸುಮಾರು 80 ದೇಶಗಳಲ್ಲಿವೆ. 1900ರ ಮೇ 24ರಂದು ಜಗದ್ಗುರು ಹದಿಮೂರನೆಯ ಲಿಯೋರವರು ಅವರನ್ನು ಸಂತರೆಂದು ಸಾರಿದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸ್‌ರವರು ಉಪಾಧ್ಯಾಯರ ಪಾಲಕರೆಂದು ಘೋಷಿಸಿದರು. 1904ರಲ್ಲಿ ಫ್ರಾನ್ಸ್ ಸರ್ಕಾರವು ಧಾರ್ಮಿಕ ಸಭೆಗಳು ಶಾಲೆ ನಡೆಸುವುದನ್ನು ನಿಷೇಧಿಸಿದಾಗ, ಅವರ ಪವಿತ್ರ ಅಸ್ಥಿಗಳನ್ನು 1906ರಲ್ಲಿ ಬೆಲ್ಜಿಯಮ್‌ಗೂ 1937ರಲ್ಲಿ ರೋಮ್‌ಗೂ ಸಾಗಿಸಬೇಕಾಯಿತು. ನೆಲೆ ತಪ್ಪಿದವರಿಗೆ ಆಸರೆಯಾದವರು ಕೊನೆಗೆ ತಾವೂ ಪರದೇಶದಲ್ಲಿ ಆಸರೆ ಪಡೆದರು.

ಪ್ರಿಯ ವಿಶ್ವಾಸಿಗಳೇ, ಇದು ಪರದೇಶದ ಹಳೆಯ ಕಥೆಯೆಂದು ನಾವು ಪುಟ ಮಗುಚುವಂತಿಲ್ಲ. ಶತಮಾನೋತ್ಸವಕ್ಕಾಗಿ ನಮ್ಮ ದೇವಾಲಯದ ಗೋಡೆಗಳಿಗೆ ಗಾರೆ ಬಳಿಯಲು ದೂರದಿಂದ ಬಂದ ಕೂಲಿಕಾರರ ಮಕ್ಕಳು, ಶಾಲೆಯ ಗಂಟೆ ಬಾರಿಸುವ ಹೊತ್ತಿನಲ್ಲಿ, ನಮ್ಮ ಅಂಗಳದ ಮರಳ ರಾಶಿಯ ಮೇಲೆ ಆಡುತ್ತಿದ್ದರು. ದಿನವೂ ಬಲಿಪೂಜೆ ಮುಗಿಸಿ ಅವರನ್ನು ದಾಟಿ ಹೋದವರಲ್ಲಿ ನಾವೂ ಒಬ್ಬರು. ಗಾರೆಯ ಲೆಕ್ಕ ನಮಗೆ ಬಾಯಿಪಾಠವಾಗಿತ್ತು. ಆ ಮಕ್ಕಳ ಹೆಸರು ಗೊತ್ತಿರಲಿಲ್ಲ. ಈ ತಪ್ಪೊಪ್ಪಿಗೆಯನ್ನು ಇಲ್ಲಿ ಬರೆಯದೆ ಸಂತರ ಚರಿತ್ರೆಯನ್ನು ಮಾತ್ರ ಬರೆಯುವುದು ನಮಗೆ ಸರಿಕಾಣಲಿಲ್ಲ.

ದೇವಾಲಯದ ಎರಡನೆಯ ಶತಮಾನವು ಇಂಥ ಒಂದು ಮಗುವಿನ ಹೆಸರನ್ನು ಕೇಳುವುದರಿಂದ, ಅದರ ಕೈಹಿಡಿದು ಶಾಲೆಯ ಬಾಗಿಲಿಗೆ ಕರೆದೊಯ್ಯುವುದರಿಂದ ಆರಂಭವಾಗಲಿ. ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲರು ನಮಗಾಗಿ, ನಮ್ಮ ಉಪಾಧ್ಯಾಯರಿಗಾಗಿ, ನಮ್ಮ ಅಂಗಳದ ಎಲ್ಲ ಮಕ್ಕಳಿಗಾಗಿ ಪ್ರಭುವಿನಲ್ಲಿ ಬಿನ್ನವಿಸಲೆಂದು ನಾವು ಪ್ರಾರ್ಥಿಸುತ್ತೇವೆ.