ಹುಳುವಿನ ಎಲೆಯನ್ನು ಅರಸಿದವಳು

ಸುರುಳಿ ಸುತ್ತಿಕೊಂಡ ಎಲೆಯನ್ನು ಕಂಡೊಡನೆ ಕಿತ್ತು ಬಿಸುಡುವುದು ನಮ್ಮೆಲ್ಲರ ವಾಡಿಕೆ. ಅದರೊಳಗೆ ತನ್ನದೇ ನೂಲಿನಿಂದ ಎಲೆಯನ್ನು ಬಿಗಿದುಕೊಂಡ ಪುಟ್ಟ ಹುಳು, ಆ ಎಲೆಯನ್ನೇ ಉಂಡು, ಪತಂಗವಾಗುವ ದಿನವನ್ನು ಕಾಯುತ್ತಿರುತ್ತದೆ. ಇಂತಹ ಹುಳುಗಳ ಬಾಳನ್ನು ಅರಿಯಲು ಆಯುಷ್ಯವನ್ನೇ ಮುಡಿಪಾಗಿಟ್ಟವಳು ಮರಿಯಾ ಸಿಬಿಲ್ಲಾ ಮೇರಿಯನ್.

ಈಕೆ 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದಳು. ಮೂರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡಳು. ಚಿತ್ರಕಾರನಾಗಿದ್ದ ಮಲತಂದೆಯು ಆಕೆಗೆ ಕುಂಚ ಹಿಡಿಯಲು ಕಲಿಸಿದನು. ಹುಳುಗಳು ಕೆಸರಿನಿಂದ ತಾವಾಗಿಯೇ ಹುಟ್ಟುವುವೆಂದು ಬಹುಜನರು ನಂಬಿದ್ದ ಕಾಲವದು. ಹದಿಮೂರರ ಈ ಬಾಲೆ ರೇಷ್ಮೆಹುಳುಗಳನ್ನು ಸಾಕಿ, ಹುಳು ಗೂಡು ಕಟ್ಟಿ ಪತಂಗವಾಗುವುದನ್ನು ಕಣ್ಣಾರೆ ಕಂಡಳು.

ಅನೇಕ ಹುಳುಗಳಿಗೆ ಇಂತಹುದೇ ಎಲೆ ಬೇಕು. ದೊರೆಯದಿದ್ದರೆ ಅವು ಹಸಿವಿನಿಂದ ಸಾಯುವುವು. ಆದುದರಿಂದ 1679ರಲ್ಲಿ ಹೊರಬಂದ ತನ್ನ ಗ್ರಂಥದ 50 ಚಿತ್ರಫಲಕಗಳಲ್ಲಿ ಆಕೆ ಹುಳುವನ್ನು ಅದರ ಆಹಾರದ ಗಿಡದೊಡನೆಯೇ ಬರೆದಳು.

1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಚಿತ್ರಗಳನ್ನು ಮಾರಿ ಹಣ ಕೂಡಿಸಿ, ಕಿರಿಯ ಮಗಳೊಡನೆ ಹಡಗನ್ನೇರಿ ದಕ್ಷಿಣ ಅಮೆರಿಕದ ಸುರಿನಾಮಿಗೆ ತೆರಳಿದಳು. ಅಲ್ಲಿನ ಮೂಲನಿವಾಸಿಗಳಿಂದಲೂ ಗುಲಾಮರಿಂದಲೂ ಗಿಡಗಳ ಗುಣಗಳನ್ನು ಕೇಳಿ ತಿಳಿದಳು. ರೋಗಪೀಡಿತಳಾಗಿ 1701ರಲ್ಲಿ ಹಿಂದಿರುಗಿದರೂ ಕೈಹಿಡಿದ ಕೆಲಸವನ್ನು ಬಿಡಲಿಲ್ಲ; 1705ರಲ್ಲಿ 60 ಚಿತ್ರಫಲಕಗಳ ಮಹಾಗ್ರಂಥವನ್ನು ಪ್ರಕಟಿಸಿದಳು. 1717ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಕಾಲವಾದಳು.

ವಿದ್ಯಾರ್ಥಿಗಳೇ, ಹೊಲಗದ್ದೆಗಳಿಂದ ದೂರವಾಗಿ ನಗರದಲ್ಲಿ ಬೆಳೆಯುವ ನಮಗೂ ಕಿಟಕಿಯ ಕುಂಡದಲ್ಲೊಂದು ಗಿಡವಿದೆ. ಅದರಲ್ಲಿ ಸುರುಳಿ ಎಲೆಯೊಂದು ಕಂಡರೆ, ಕೀಳುವ ಮುನ್ನ ನಾಲ್ಕು ದಿನ ಕಾದು ನೋಡೋಣ.