ಹಾಡು ಕೇಳಬೇಡಿ, ಕೆಲಸ ಕೇಳಿ

ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು. ಒಂದು ಹಾಡೂ ಗೊತ್ತಿತ್ತು. ಆಕೆ ಆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೂ ಹಾಡಲಿಲ್ಲ. ಒಳಗೇ ಕೂತು ಕೂತು ಎರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಸದ್ದಿಲ್ಲದೆ ಹೊರಗೆ ಜಿಗಿದವು. ಕಥೆ ಒಂದು ಜೊತೆ ಬೂಟಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತು ಬಿದ್ದಿತು. ಗಂಡ ಮನೆಗೆ ಬಂದ. “ಯಾರ ಬಂದಾರ?” “ಯಾರೂ ಇಲ್ಲರಿ.” “ಮತ್ತ ಈ ಕೋಟು ಯಾರದು?” ಆಕೆಗೆ ಗೊತ್ತಿದ್ದರೆ ತಾನೆ ಹೇಳುವುದು! ಜಗಳವಾಯಿತು. ಆತ ಕಂಬಳಿ ಹೊದ್ದು ಹನುಮಪ್ಪನ ಗುಡಿಗೆ ಮಲಗಲು ಹೋದ. ಆ ಊರಿನಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಎಲ್ಲ ಮನೆಗಳ ಜ್ವಾಲೆಗಳೂ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ವಾಡಿಕೆ. ತಡವಾಗಿ ಬಂದ ಒಂದು ಜ್ವಾಲೆ ತನ್ನ ಮನೆಯ ಜಗಳದ ಗುಟ್ಟನ್ನು ಬಿಚ್ಚಿ ಹೇಳಿತು. ಬೆಳಗಾಗುತ್ತಲೇ ಗಂಡ ಓಡಿ ಬಂದು ಕೇಳಿದ: ಅದ್ಯಾವ ಕಥೆ, ಅದ್ಯಾವ ಹಾಡು? ಹೆಂಡತಿ ಕಣ್ಣರಳಿಸಿದಳು. “ಯಾವ ಕಥಿ? ಯಾವ ಹಾಡು?”

ಆಕೆಗೆ ಎರಡೂ ಮರೆತೇ ಹೋಗಿದ್ದವು.

ಇದು ಕನ್ನಡದ ಜನಪದ ಕಥೆ. ಎ.ಕೆ. ರಾಮಾನುಜನ್ ಇದನ್ನು 1991ರಲ್ಲಿ ಬಂದ ತಮ್ಮ ಇಂಗ್ಲಿಷ್ ಸಂಕಲನದಲ್ಲಿ ಸೇರಿಸಿದರು. ಹರಟೆ ಹೊಡೆಯುವ ಆ ಜ್ವಾಲೆಗಳನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕಕ್ಕೆ ಕರೆತಂದರು. 1993ರಲ್ಲಿ ಆ ನಾಟಕ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರದಲ್ಲೂ ಪ್ರದರ್ಶನ ಕಂಡಿತು. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆ ವರ್ಷಗಳಲ್ಲೇ ಅವರು ಅಜ್ಜಿಯಂದಿರ ಮುಂದೆ ಕೂತು ಕಥೆ ಕೇಳಿ ಬರೆದುಕೊಂಡರು, ಆಮೇಲೆ ಷಿಕಾಗೊಗೆ ಹೋದರು. ನೀವು ಸಿಂಡರೆಲ್ಲಾ ಓದಿದ್ದೀರಲ್ಲ? ಮಣ್ಣಿನ ಮುಖವಾಡದ ಹಿಂದೆ ಅಡಗಿದ ನಮ್ಮ ‘ಹಂಚಿ’ ಆಕೆಯ ಅಕ್ಕನೋ ತಂಗಿಯೋ ಇರಬೇಕು. ರಾಮಾನುಜನ್ ಆ ಕಥೆಯನ್ನೂ ಜಗತ್ತಿಗೆ ತೋರಿಸಿದರು.

ಈ ಸಂಚಿಕೆಯಲ್ಲಿ ನಿಮ್ಮನ್ನು ಅದೇ ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಗೆ ಕರೆದೊಯ್ಯುತ್ತೇನೆ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದ ಊರು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಘಟಪ್ರಭಾ ನದಿಯ ನೀರುಂಡ ನೆಲ. ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಯುವ ಸೀಮೆ. ರೈತರಿಗೆ ಹೊಸ ಬೇಸಾಯ ಕಲಿಸುವ ಕೃಷಿ ವಿಜ್ಞಾನ ಕೇಂದ್ರವೊಂದು ಈ ಊರಿನಲ್ಲಿದೆ. ಕರದಂಟು ತಿಂದಿದ್ದರೆ ಗೋಕಾಕದ ರುಚಿ ನಿಮಗೆ ಗೊತ್ತು. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಹೋದವರು ಪಕ್ಕದವರ ಮಾತು ಕೇಳಿಸಲಿಲ್ಲ ಎಂದೇ ಹೇಳುತ್ತಾರೆ.

ಈ ಸೀಮೆಯಿಂದ ಒಂದು ಪಾಡ್‌ಕಾಸ್ಟ್ ಮಾಡೋಣ ಎಂಬುದು ನನ್ನ ಆಸೆ. ಮಾಡುವವರು ದೂರದಲ್ಲಿರುವ ನೀವು. ಹಾಡುವವರು, ಹೇಳುವವರು ಅಲ್ಲಿದ್ದಾರೆ.

ಸುತ್ತಲ ಊರುಗಳ ಹೆಸರು ಕೇಳಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಕಂಬಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಂದ್ರಶೇಖರ ಕಂಬಾರರಾಗಿ ಬೆಳೆದು, 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಅವರು ಊರಿನ ಹಾಡು, ಆಟಗಳನ್ನು ಕಿವಿಯಲ್ಲಿ ಇಟ್ಟುಕೊಂಡೇ ಶಾಲೆ, ಕಾಲೇಜು ದಾಟಿದವರು. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಬಗ್ಗೆ ಸಂಶೋಧನೆ ಮಾಡಿದರು, ಎರಡು ಸಂಪುಟಗಳ ಕನ್ನಡ ಜಾನಪದ ವಿಶ್ವಕೋಶ ಸಂಪಾದಿಸಿದರು. 1960ರ ದಶಕದ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿಯೂ ಬಂದರು. ಅವರ ಪದ್ಯವನ್ನು ಅವರ ಬಾಯಲ್ಲೇ ಕೇಳಬೇಕು. ಓದುವುದಿಲ್ಲ, ಹಾಡುತ್ತಾರೆ. ಹತ್ತಿರದ ಬೆಟಗೇರಿಯವರು ‘ಆನಂದಕಂದ’ ಎಂಬ ಹೆಸರಿನಲ್ಲಿ ಬರೆದ ಬೆಟಗೇರಿ ಕೃಷ್ಣಶರ್ಮರು. 1900ರಲ್ಲಿ ಹುಟ್ಟಿದ ಅವರು ಹಳ್ಳಿಯ ಆಡುಮಾತಿನಲ್ಲೇ ಕವಿತೆ ಕಟ್ಟಿದರು, ಜನಪದ ಹಾಡುಗಳನ್ನೂ ಸಂಗ್ರಹಿಸಿದರು.

ಇನ್ನು ಕುಲಗೋಡ, ಕೌಜಲಗಿ. ಇವು ಶ್ರೀಕೃಷ್ಣ ಪಾರಿಜಾತದ ಊರುಗಳು. ಸ್ವರ್ಗದ ಪಾರಿಜಾತದ ಹೂವೊಂದನ್ನು ನಾರದ ತಂದು ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ, ಸತ್ಯಭಾಮೆಗೆ ಸಿಟ್ಟು ನೆತ್ತಿಗೇರುತ್ತದೆ. ಇಷ್ಟೇ ಕಥೆ! ಇಷ್ಟನ್ನೇ ಇಡೀ ರಾತ್ರಿ ಆಡುತ್ತಾರೆ. ಇಷ್ಟು ಸಣ್ಣ ಜಗಳಕ್ಕೆ ಒಂದು ರಾತ್ರಿ ಸಾಕಾಗುವುದಿಲ್ಲ ಅನ್ನುವ ಹಾಗೆ ಆಡುವುದರಲ್ಲೇ ಅದರ ಸೊಗಸು. ಅಪರಾಳ ತಮ್ಮಣ್ಣ ಬರೆದ ಕಾವ್ಯವನ್ನು ಕುಲಗೋಡ ತಮ್ಮಣ್ಣ ಊರ ಜನರ ಆಟವಾಗಿ ತಿದ್ದಿ ಬೆಳೆಸಿದರು. ಮುಂದೆ ಕೌಜಲಗಿ ನಿಂಗಮ್ಮ ಈ ಆಟದಿಂದಲೇ ಮನೆಮಾತಾದರು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವುದು ರೂಢಿಯಾಗಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ರಂಗದ ಮೇಲೆ ಬಂದು ಗೆದ್ದಳು ಎಂದರೆ ಎದೆಗಾರಿಕೆ ಎಷ್ಟಿರಬೇಕು! ಈ ಆಟದಲ್ಲಿ ಭಾಗವತ ಎಂಬುವನಿದ್ದಾನೆ. ಹಾಡುವವನು ಅವನೇ, ರಂಗಕ್ಕೆ ಬಂದ ಪಾತ್ರವನ್ನು ತಡೆದು “ನೀವು ಯಾರು, ಎಲ್ಲಿಂದ ಬಂದಿರಿ?” ಎಂದು ಬಾಯಿ ಬಿಡಿಸುವವನೂ ಅವನೇ. ನಿಮ್ಮ ಪಾಡ್‌ಕಾಸ್ಟಿನಲ್ಲಿ ನಿಮ್ಮ ಕೆಲಸ ಭಾಗವತನದು. ಅವನಿಂದ ಕಲಿಯಿರಿ: ಪ್ರಶ್ನೆ ಚಿಕ್ಕದಿರಲಿ, ಉತ್ತರ ದೊಡ್ಡದಾಗಲು ಬಿಡಿ.

ಪ್ರಶ್ನೆ ಹೇಗೆ ಕೇಳಬೇಕು ಎಂಬುದೇ ಇದರಲ್ಲಿ ಮುಖ್ಯ. ಅಜ್ಜಿಗೆ (ಆ ಕಡೆ ಆಯಿ ಎಂದೂ ಕರೆಯುತ್ತಾರೆ) ಫೋನ್ ಮಾಡಿ “ಆಯಿ, ಒಂದು ಜಾನಪದ ಗೀತೆ ಹಾಡ್ರಿ” ಅಂದರೆ ಉತ್ತರ ಒಂದೇ: “ನನಗೇನ ಬರತೈತಿ, ತಂಗಿ?” ಆಕೆ ಸುಳ್ಳು ಹೇಳುತ್ತಿಲ್ಲ. ತಾನು ಜಾನಪದ ಗೀತೆ ಹಾಡಿದ್ದೇನೆ ಎಂದು ಆಕೆಗೆ ಅನಿಸಿಯೇ ಇಲ್ಲ. ಆಕೆ ಜೋಳ ಬೀಸಿದ್ದಾಳೆ, ತೊಟ್ಟಿಲು ತೂಗಿದ್ದಾಳೆ, ಕಳೆ ಕಿತ್ತಿದ್ದಾಳೆ. ಹಾಡು ಆ ಕೆಲಸದ ಜೊತೆ ಬಂದದ್ದು. “ಗಿರಣಿ ಬರೋಕಿಂತ ಮೊದಲ ಹಿಟ್ಟು ಹೆಂಗ ಬೀಸ್ತಿದ್ರಿ, ಆಯಿ?” ಎಂದು ಕೇಳಿ ನೋಡಿ. ನಸುಕಿನಲ್ಲಿ ಎದ್ದದ್ದು, ಬೀಸುಕಲ್ಲಿನ ಗೂಟಕ್ಕೆ ಅತ್ತೆ ಒಂದು ಕೈ, ಸೊಸೆ ಒಂದು ಕೈ ಹಾಕಿದ್ದು, ಎಲ್ಲ ಹೊರಗೆ ಬರುತ್ತದೆ. ಹೇಳುತ್ತ ಹೇಳುತ್ತ ಕೈ ಗಾಳಿಯಲ್ಲೇ ಸುತ್ತತೊಡಗುತ್ತದೆ. ಕೈ ಸುತ್ತಿದರೆ ಹಾಡೂ ಬಂತು ಅಂತಲೇ ಲೆಕ್ಕ. ವಿಜಯಪುರದ ಕಡೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಇಂಥ ತ್ರಿಪದಿಗಳನ್ನು ಕೇಳಿ ಬರೆದುಕೊಂಡದ್ದರಿಂದ 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಯಿತು. ಹಿಟ್ಟಿನ ಗಿರಣಿ ಊರಿಗೆ ಬಂದ ಮೇಲೆ ಹೆಂಗಸರ ರಟ್ಟೆಗೆ ವಿರಾಮ ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಹಾಡಿಗೆ ಮಾತ್ರ ಕೂರುವ ಜಾಗ ಹೋಯಿತು.

ಕೆಲಸದ ಹಾಗೆಯೇ ತಿಂಗಳನ್ನೂ ಹಿಡಿದು ಕೇಳಬಹುದು. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಓಡಿಸುವುದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವುದು. ಪಂಚಮಿಗೆ ಜೋಕಾಲಿ ಕಟ್ಟುವುದು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನ ಮೂರ್ತಿ ಹೊತ್ತ ಹೆಂಗಸರು ಮನೆಮನೆಯ ಮುಂದೆ ಹಾಡಿ ಕಾಳು ಪಡೆಯುವುದು. ಶೀಗಿ ಹುಣ್ಣಿಮೆಗೆ ಹೊಲದ ತುಂಬ ಚರಗದ ಎಡೆ ಚೆಲ್ಲುವುದು. ಒಂದೊಂದು ಹಬ್ಬವೂ ಒಂದೊಂದು ಕಂತು. ಹರದೇಶಿ–ನಾಗೇಶಿ ಹಾಡಿಕೆ ಸಿಕ್ಕಿದರೆ ಬಿಡಬೇಡಿ: ಒಂದು ಮೇಳ ಶಿವನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಡಪ್ಪು ಬಾರಿಸುತ್ತ ಬೆಳಗಿನ ತನಕ ವಾದ. ನಿಮ್ಮ ಶಾಲೆಯ ಡಿಬೇಟ್ ಇದರ ಮುಂದೆ ಸಪ್ಪೆ.

ಕಬ್ಬಿನ ಟ್ರ್ಯಾಕ್ಟರುಗಳನ್ನೂ ಸೇರಿಸಿ. ಕಾರ್ಖಾನೆಗೆ ಕಬ್ಬು ಸಾಗಿಸುವ ತಿಂಗಳುಗಳಲ್ಲಿ ದೊಡ್ಡ ಸ್ಪೀಕರಿನಲ್ಲಿ ಹೊಸ ‘ಜಾನಪದ’ ಹಾಡು ಹಚ್ಚಿಕೊಂಡು ಓಡಾಡುತ್ತವೆ. ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. ನನಗೂ ಎಲ್ಲ ಹಾಡು ಇಷ್ಟವಿಲ್ಲ. ಆದರೂ ಬೀಸುಕಲ್ಲಿನ ಹಾಡು ಜನಪದವಾದರೆ ಚಾಲಕನ ನಿದ್ದೆ ಓಡಿಸುವ ಹಾಡು ಯಾಕಲ್ಲ?

ಬರೆದುಕೊಂಡರೆ ಸಾಲದೆ, ಧ್ವನಿಯೇ ಯಾಕೆ ಬೇಕು ಎಂದು ಯಾರಾದರೂ ಕೇಳಿಯಾರು. 1857ರಲ್ಲಿ ಆಯುಧ ಒಪ್ಪಿಸಿ ಎಂದ ಬ್ರಿಟಿಷರ ವಿರುದ್ಧ ಮುಧೋಳದ ಹತ್ತಿರದ ಹಲಗಲಿಯ ಬೇಡರು ತಿರುಗಿ ಬಿದ್ದರು. ಅವರ ಮೇಲಿನ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಯಾರು ಗೊತ್ತೆ? ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ! ತನ್ನ ಸರ್ಕಾರಕ್ಕೆ ಎದುರಾದವರ ಹಾಡನ್ನೇ ಆತ ಉಳಿಸಿಕೊಟ್ಟ. ಪದಗಳು ಉಳಿದವು, ಕರ್ನಾಟಕದ ಮಕ್ಕಳು ಶಾಲೆಯಲ್ಲಿ ಓದಿದರು. ಅಂದಿನ ಹಾಡುಗಾರ ಎಲ್ಲಿ ದನಿ ಏರಿಸಿದ, ಎಲ್ಲಿ ಉಸಿರು ಹಿಡಿದ ಎಂಬುದು ಕಾಗದಕ್ಕೆ ಇಳಿಯಲಿಲ್ಲ.

ಧ್ವನಿಯನ್ನು ಊರಿನವರೇ ಹಂಚುವುದು ಹಿಂದೆ ಸುಲಭವಿರಲಿಲ್ಲ. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಹಾಡು, ಮಾತುಗಳನ್ನು ಬಿತ್ತರಿಸುತ್ತ ಬಂದಿದೆ. ಆದರೆ ಹಳ್ಳಿಯವರು ತಾವೇ ರೇಡಿಯೊ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅದಕ್ಕೊಂದು ಉಪಾಯ ಹುಡುಕಿದರು: ‘ನಮ್ಮ ಧ್ವನಿ’ ಎಂಬ ತಮ್ಮ ಕಾರ್ಯಕ್ರಮವನ್ನು ಟಿವಿ ಕೇಬಲ್ ತಂತಿಯೊಳಗೇ ಮನೆಮನೆಗೆ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಸರ್ಕಾರ ಒಪ್ಪಿದ್ದು 2006ರಲ್ಲಿ. ಪಾಡ್‌ಕಾಸ್ಟಿಗೆ ಯಾರ ಪರವಾನಗಿಯೂ ಬೇಡ, ಹಾಡುವವರ ಒಪ್ಪಿಗೆ ಒಂದು ಬೇಕು. ಅದನ್ನು ಮಾತ್ರ ಮೊದಲೇ ಕೇಳಿ. ಎಲ್ಲ ಹಾಡೂ ಎಲ್ಲರ ಕಿವಿಗಲ್ಲ. ದೇವರ ಮುಂದಿನದು, ದುಃಖದ್ದು ಇರುತ್ತದೆ. ಬೇಡ ಅಂದರೆ ಬಿಟ್ಟುಬಿಡಿ.

ಕೆಲಸದ ಮಾತು. ವಾಟ್ಸಾಪ್ ಕರೆಯನ್ನು ರೆಕಾರ್ಡ್ ಮಾಡಿದರೆ ದನಿ ಒಡೆದು ಬರುತ್ತದೆ. ಊರಿನಲ್ಲಿರುವ ಅಣ್ಣನೋ ಅಕ್ಕನೋ ತಮ್ಮ ಫೋನಿನಲ್ಲೇ ರೆಕಾರ್ಡ್ ಮಾಡಿ ಫೈಲ್ ಕಳಿಸಲಿ. ಫ್ಯಾನ್ ಆರಿಸಿ, ಫೋನ್ ಬಾಯಿಂದ ಒಂದು ಗೇಣು ದೂರ ಇಡಿ, ಗೋಡೆಗೆ ಒಂದು ಕೌದಿ ನೇತು ಹಾಕಿದರೆ ಕೋಣೆ ಮರುದನಿ ಕೊಡುವುದಿಲ್ಲ. ಎಮ್ಮೆ ಕೂಗಿದರೆ ಅಳಿಸಬೇಡಿ. ಶುರುವಿನಲ್ಲೇ ಹಾಡುವವರ ಹೆಸರು, ಊರು, ದಿನಾಂಕ ಬಾಯಿಂದ ಹೇಳಿಸಿ. ಅದೇ ಹಾಡು ಪಕ್ಕದ ಊರಿನಲ್ಲಿ ಬೇರೆ ಥರ ಇದ್ದರೆ ತಿದ್ದಲು ಹೋಗದೆ ಎರಡನ್ನೂ ಇಟ್ಟುಕೊಳ್ಳಿ. “ಐತಿ”ಯನ್ನು “ಇದೆ” ಮಾಡಬೇಡಿ. ಮೇಳದ ಕಲಾವಿದರು ಹಾಡಿದರೆ ಸಂಭಾವನೆ ಕೊಡಲೇಬೇಕು, ಅದು ಅವರ ಹೊಟ್ಟೆಪಾಡು. ಈ ಮಾತು ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ.

ನಿಮ್ಮ ಮನೆತನ ತುಕ್ಕಾನಟ್ಟಿಯದಲ್ಲ, ಮಂಡ್ಯದ್ದೋ ಕಾಸರಗೋಡಿನದ್ದೋ ಎಂದರೆ ಅಲ್ಲಿಂದಲೇ ಆರಂಭಿಸಿ. ಹತ್ತು ನಿಮಿಷದ ಕಂತು ಸಾಕು. ದೀಪಾವಳಿಯೊಳಗೆ ಈ ಸಂಚಿಕೆಯ ಸಂಪಾದಕರಿಗೆ ಫೈಲ್ ತಲುಪಿಸಿ, ಜೊತೆಗೆ ನೀವು ಕೇಳಿದ ಮೊದಲ ಪ್ರಶ್ನೆ ಯಾವುದು ಎಂದೂ ಬರೆದು ಕಳಿಸಿ.