ಜೋರಾ ಅರ್ಕಸ್-ಡಂಟೋವ್

ಜೋರಾ ಅರ್ಕಸ್-ಡಂಟೋವ್ (25 ಡಿಸೆಂಬರ್ 1909 – 21 ಏಪ್ರಿಲ್ 1996) ಬೆಲ್ಜಿಯಂನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಮೋಟಾರು ವಾಹನ ಎಂಜಿನಿಯರ್ ಹಾಗೂ ರೇಸ್ ಚಾಲಕರು. ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ವಿಭಾಗದ ಕಾರ್ವೆಟ್ ಎಂಬ ಕ್ರೀಡಾ ಕಾರಿನ ಬೆಳವಣಿಗೆಗೆ ಪ್ರಸಿದ್ಧರು. ಇವರನ್ನು ಕಾರ್ವೆಟ್‌ನ ಪಿತಾಮಹ ಎಂದು ಕರೆಯುವುದುಂಟು. ಆದರೆ ಆ ಕಾರಿನ ಮೂಲ ಕಲ್ಪನೆ ವಿನ್ಯಾಸಕಾರ ಹಾರ್ಲಿ ಅರ್ಲ್ ಅವರದು. ನೋಟಕ್ಕೆ ಚೆಲುವಾಗಿದ್ದು ಓಟದಲ್ಲಿ ಸಪ್ಪೆಯಾಗಿದ್ದ ಕಾರಿಗೆ ಕಸುವು ತುಂಬಿದವರು ಡಂಟೋವ್ ಎನ್ನುವುದೇ ಹೆಚ್ಚು ಸರಿ.

ಬಾಲ್ಯ ಮತ್ತು ವಲಸೆ

ಬ್ರಸೆಲ್ಸ್ ನಗರದಲ್ಲಿ ರಷ್ಯನ್ ಯಹೂದಿ ದಂಪತಿಗಳ ಮಗನಾಗಿ ಜನಿಸಿದರು. ಕುಟುಂಬವು ರಷ್ಯಾಕ್ಕೆ ಹಿಂದಿರುಗಿದ ಮೇಲೆ ತಂದೆತಾಯಿಯರು ಬೇರ್ಪಟ್ಟರು. ತಾಯಿಯ ಎರಡನೆಯ ಸಂಗಾತಿಯ ಹೆಸರು ಡಂಟೋವ್. ಜೋರಾ ಮತ್ತು ತಮ್ಮ ಯೂರಾ ಇಬ್ಬರೂ ಹುಟ್ಟಿನ ಮನೆತನದ ಹೆಸರನ್ನು ಬಿಡದೆ ಅದರೊಂದಿಗೆ ಇದನ್ನೂ ಸೇರಿಸಿಕೊಂಡರು. 1927ರಲ್ಲಿ ಕುಟುಂಬ ಬರ್ಲಿನ್‌ಗೆ ತೆರಳಿತು. ಅಲ್ಲಿನ ಷಾರ್ಲೊಟನ್‌ಬರ್ಗ್ ತಾಂತ್ರಿಕ ವಿದ್ಯಾಲಯದಿಂದ ಜೋರಾ 1934ರಲ್ಲಿ ಪದವಿ ಪಡೆದರು. 1939ರಲ್ಲಿ ನರ್ತಕಿ ಎಲ್ಫಿ ವುಲ್ಫ್ ಅವರನ್ನು ವಿವಾಹವಾದರು.

ಎರಡನೆಯ ಮಹಾಯುದ್ಧದಲ್ಲಿ ಸೋದರರಿಬ್ಬರೂ ಫ್ರಾನ್ಸ್‌ನ ವಾಯುಪಡೆ ಸೇರಿದರು. ಫ್ರಾನ್ಸ್ ಶರಣಾದಾಗ ಯಹೂದಿಗಳಾದ ಇವರಿಗೆ ಅಲ್ಲಿ ಉಳಿಯುವುದು ಪ್ರಾಣಾಪಾಯಕರವಾಗಿತ್ತು. ಪ್ಯಾರಿಸ್‌ನಲ್ಲಿದ್ದ ಎಲ್ಫಿ ಜರ್ಮನ್ ಸೇನೆ ತಲುಪುವ ಮುನ್ನವೇ ತಮ್ಮ ಪುಟ್ಟ ಕಾರನ್ನು ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ಪಾರಾದರು. ಬಳಿಕ ಎಲ್ಲರೂ ಒಂದಾಗಿ ಹಡಗಿನಲ್ಲಿ ನ್ಯೂಯಾರ್ಕ್ ಸೇರಿದರು. ಅಲ್ಲಿ ಸೋದರರು ಅರ್ಡನ್ ಎಂಬ ಕಂಪನಿಯನ್ನು ಸ್ಥಾಪಿಸಿ, ಫೋರ್ಡ್ ವಿ-8 ಎಂಜಿನ್‌ಗಳ ಶಕ್ತಿ ಹೆಚ್ಚಿಸುವ ಸಿಲಿಂಡರ್ ಹೆಡ್‌ಗಳನ್ನು ತಯಾರಿಸಿದರು.

ಷೆವ್ರೊಲೆಯಲ್ಲಿ

1953ರ ಜನವರಿಯಲ್ಲಿ ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ ಮೊದಲ ಕಾರ್ವೆಟ್ ಕಂಡು ಮೆಚ್ಚಿದ ಡಂಟೋವ್, ಕಂಪನಿಗೆ ಪತ್ರ ಬರೆದು ಅದೇ ಮೇ ತಿಂಗಳಲ್ಲಿ ಉದ್ಯೋಗಕ್ಕೆ ಸೇರಿದರು. ನೌಕರಿಯಲ್ಲಿದ್ದುಕೊಂಡೇ 1954 ಮತ್ತು 1955ರ ಲಿ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಪೋರ್ಷೆ ಕಾರು ಓಡಿಸಿ ತಮ್ಮ ವರ್ಗದಲ್ಲಿ ಗೆದ್ದರು. 1956ರಲ್ಲಿ ಡೇಟೋನಾ ಕಡಲತೀರದಲ್ಲಿ ಕಾರ್ವೆಟ್ಟನ್ನು ಗಂಟೆಗೆ 240 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡಿಸಿದರು.

1963ರ ಹಿಂಬದಿ ಸಸ್ಪೆನ್ಷನ್

ಡಂಟೋವ್ ಅವರ ಕೆಲಸಗಳಲ್ಲಿ ಇದು ಹೆಚ್ಚು ಕಾಲ ಬಾಳಿತು. ಆವರೆಗಿನ ಕಾರ್ವೆಟ್‌ನಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಕೂಡಿಸುತ್ತಿತ್ತು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತಿತ್ತು. ಪ್ರತಿ ಚಕ್ರವೂ ಸ್ವತಂತ್ರವಾಗಿ ಏರಿಳಿಯಬೇಕೆಂದು ಡಂಟೋವ್ ಪಟ್ಟುಹಿಡಿದರು. ಅವರು ಆಯ್ದ ಉಪಾಯ ಹೊಸದೇನಲ್ಲ, ಗಾಡಿಗಳ ಕಾಲದ ಲೀಫ್ ಸ್ಪ್ರಿಂಗ್. ನಮ್ಮ ಲಾರಿಗಳ ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿರುವ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿದವರಿಗೆ ಇದು ಪರಿಚಿತ. ಲಾರಿಯಲ್ಲಿ ಅದು ಉದ್ದಕ್ಕೆ ಇರುತ್ತದೆ. ಡಂಟೋವ್ ಒಂಬತ್ತು ಪಟ್ಟಿಗಳ ಒಂದೇ ಸ್ಪ್ರಿಂಗನ್ನು ಅಡ್ಡಲಾಗಿ ಇರಿಸಿ, ನಡುವನ್ನು ಡಿಫರೆನ್ಷಿಯಲ್ ಪೆಟ್ಟಿಗೆಗೆ ಬಿಗಿದು, ತುದಿಗಳಿಂದ ಎರಡೂ ಚಕ್ರಗಳ ಭಾರ ಹೊರಿಸಿದರು. ಚಕ್ರ ತಿರುಗಿಸುವ ದಂಡಗಳೇ ಮೇಲಿನ ತೋಳುಗಳಾಗಿಯೂ ಕೆಲಸ ಮಾಡಿದವು.

ಇದೇ ಮಾದರಿಯ ಸೀಳಿದ ಹಿಂಗಿಟಕಿಯನ್ನು ಡಂಟೋವ್ ವಿರೋಧಿಸಿದ್ದರು. ಹಿಂದಿನ ರಸ್ತೆ ಕಾಣದು ಎಂಬುದು ಅವರ ವಾದ. ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್ ಒಪ್ಪಲಿಲ್ಲವಾದರೂ 1964ರಲ್ಲಿ ಅದನ್ನು ಕೈಬಿಡಲಾಯಿತು.

ನಿವೃತ್ತಿ ಮತ್ತು ನಂತರ

1975ರಲ್ಲಿ ನಿವೃತ್ತರಾದರು. ಉಕ್ಕಿನ ಆ ಸ್ಪ್ರಿಂಗ್ ಸುಮಾರು 20 ಕೆ.ಜಿ. ತೂಗುತ್ತಿತ್ತು. 1981ರಲ್ಲಿ, ಮೊದಲಿಗೆ ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ, ಅದರ ಜಾಗಕ್ಕೆ ಗಾಜಿನ ನಾರು ಮತ್ತು ರಾಳವನ್ನು ಬೆಸೆದು ಮಾಡಿದ ಒಂದೇ ಪಟ್ಟಿಯ ಸಂಯುಕ್ತ ಸ್ಪ್ರಿಂಗ್ ಬಂದಿತು. ಅದರ ತೂಕ 4 ಕೆ.ಜಿ.ಗೂ ಕಡಿಮೆ. ಪಟ್ಟಿಗಳ ನಡುವಿನ ಉಜ್ಜಾಟವಿಲ್ಲ, ತುಕ್ಕಿನ ಭಯವೂ ಇಲ್ಲ. 1984ರ ಮಾದರಿಯಲ್ಲಿ ಮುಂದಿನ ಚಕ್ರಗಳಿಗೂ ಇಂಥದೇ ಪಟ್ಟಿ ಅಳವಡಿಸಲಾಯಿತು. ವಸ್ತು ಬದಲಾದರೂ ಅಡ್ಡಪಟ್ಟಿಯ ಕ್ರಮ ಡಂಟೋವ್ ಅವರದೇ.

ಅವರ ದೊಡ್ಡ ಆಸೆ ಮಾತ್ರ ಈಡೇರಲಿಲ್ಲ. ಚಾಲಕನ ಬೆನ್ನ ಹಿಂದೆ ಎಂಜಿನ್ ಇರುವ ಕಾರ್ವೆಟ್ಟಿಗಾಗಿ ಅವರು ವರ್ಷಗಟ್ಟಲೆ ವಾದಿಸಿದರು, ಪ್ರಯೋಗದ ಕಾರುಗಳನ್ನೂ ನಿರ್ಮಿಸಿದರು. ಆಡಳಿತ ವರ್ಗ ಒಪ್ಪಲಿಲ್ಲ. ಅವರ ಚಿತಾಭಸ್ಮವನ್ನು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿರುವ ರಾಷ್ಟ್ರೀಯ ಕಾರ್ವೆಟ್ ಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅವರು ಬಯಸಿದ ಕಾರು 2020ರ ಮಾದರಿಯಾಗಿ ಬಂದಿತು. ಅದರಲ್ಲಿ ಅಡ್ಡ ಲೀಫ್ ಸ್ಪ್ರಿಂಗನ್ನು ಕೈಬಿಟ್ಟು ಸುರುಳಿ ಸ್ಪ್ರಿಂಗ್‌ಗಳನ್ನು ಬಳಸಲಾಗಿದೆ.